ಪಕ್ಕದ ಸೀಟಿನ ಭಾರ

ಸದ್ದು ಬರುತ್ತಿಲ್ಲವೆಂಬುದೇ ಅವನನ್ನು ಕಾಡುತ್ತಿತ್ತು. ಗುಡ್ಡ ಹತ್ತುವ ರಸ್ತೆಯ ಮೊದಲ ತಿರುವು ಕಳೆಯಿತು, ಆಮೇಲಿನದೂ ಕಳೆಯಿತು, ಎಡಗಡೆಯ ಹಿಂದಿನ ಚಕ್ರ ಬಾಯಿಬಿಡಲಿಲ್ಲ. ಕಿಟಕಿಯ ಗಾಜು ಇಳಿಸಿ, ತಲೆ ಓರೆ ಮಾಡಿ, ಅವನು ಆ ಮೂಲೆಗೇ ಕಿವಿ ಕೊಟ್ಟಿದ್ದ. ಹೊಸ ಅಗಲ ಟೈರುಗಳು ರಸ್ತೆಯನ್ನು ಗಟ್ಟಿಯಾಗಿ ಹಿಡಿದಿದ್ದವು. ಹಳೆಯ ಸಣಕಲು ಚಕ್ರಗಳಿದ್ದಾಗ ಇಂಥ ತಿರುವಿನಲ್ಲಿ ಹಿಂಭಾಗ ಒಂದಿಷ್ಟು ಜಾರುತ್ತಿತ್ತು. ಈಗ ಆ ಅಳುಕೇ ಇಲ್ಲ. ಈ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರಿಗೆ ಇಂಥ ಚಕ್ರ ಹಾಕಿಸಬೇಕೆಂದು ಎಷ್ಟು ಕಾಲದಿಂದ ಹಂಬಲಿಸಿದ್ದ. ಸುಖಪಡಬೇಕಾದ ಹೊತ್ತಿನಲ್ಲಿ ಕಣ್ಣು ಮತ್ತೆ ಮತ್ತೆ ಪಕ್ಕದ ಖಾಲಿ ಸೀಟಿಗೆ ಹೋಗುತ್ತಿತ್ತು. ವಾಪಸ್ ಇಳಿಯುವಾಗ ಅಲ್ಲಿ ಹೆಂಡತಿ ಕೂತಿರುತ್ತಾಳೆ. ಅವಳು ಕೂತರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ನಿನ್ನೆಯಿಂದ ಅದು ಅವನಿಗೆ ಖಚಿತವಾಗಿ ಗೊತ್ತು.

ಅವಳ ಫೋನು ಬಂದದ್ದು ಶುಕ್ರವಾರ ಸಂಜೆ, ಅವನು ತನ್ನ ಕನ್ನಡಕದ ಅಂಗಡಿಯಲ್ಲಿ ಒಬ್ಬ ಮುದುಕರ ಕಣ್ಣು ಪರೀಕ್ಷೆ ಮಾಡುತ್ತಿದ್ದಾಗ. ಈ ಗಾಜು ಚೆನ್ನಾಗಿದೆಯೋ, ಆ ಗಾಜು ಚೆನ್ನಾಗಿದೆಯೋ ಎಂದು ಕೇಳುತ್ತ, ಒಂದು ಕೈಯಲ್ಲಿ ಗಾಜು ಹಿಡಿದೇ ಫೋನು ಎತ್ತಿಕೊಂಡಿದ್ದ. "ಭಾನುವಾರ ಬನ್ನಿ. ನಿಮ್ಮ ಆ ಕಾರಲ್ಲೇ ಬನ್ನಿ," ಅಂದಳು. ಮನೆಯ ಚಿಕ್ಕ ಕಾರಾದರೆ ಆರಾಮಲ್ಲವೇ, ನಿನಗೆ ಸೊಂಟನೋವು ಬೇರೆ ಎಂದು ಅವನು ತೊದಲಿದ. "ಆ ಕಾರಲ್ಲೇ. ಪಕ್ಕದಲ್ಲಿ ಕೂತು ಬರ್ತೀನಿ. ಗುಡ್ಡ ಇಳಿಯೋವರೆಗೂ ಕೂತಿರೋಕಾದ್ರೆ ಮನೆಗೇ ಬರ್ತೀನಿ. ಇಲ್ಲಾಂದ್ರೆ ಕೆಳಗಿನ ಬಸ್ ಸ್ಟ್ಯಾಂಡಲ್ಲಿ ಇಳ್ಕೊಂಡು ವಾಪಸ್ ಗುಡ್ಡದ ಮೇಲೆ ಅಕ್ಕನ ಮನೆಗೆ ಹೋಗ್ತೀನಿ. ಆಮೇಲೆ ನನ್ನ ಕರೀಬೇಡಿ." ಹಾಲಿನವನಿಗೆ ನಾಳೆ ಅರ್ಧ ಲೀಟರ್ ಸಾಕು ಎನ್ನುವ ದನಿ. ಮುದುಕರು ಎರಡೂ ಮಸುಕಾಗೇ ಇದೆ ಎಂದರು.

ಅವಳು ಜಗಳವಾಡಿ ಹೋದವಳಲ್ಲ. ಜಗಳವಾಗಿದ್ದರೆ ರಾಜಿಗೆ ಒಂದು ಜಾಗವಾದರೂ ಇರುತ್ತಿತ್ತು. ಅಕ್ಕನ ಮೊಣಕಾಲಿನ ಆಪರೇಷನ್ನಿಗೆ ಹತ್ತು ದಿನ ಇದ್ದು ಬರುತ್ತೇನೆಂದು ಹೋದಳು, ಅಕ್ಕ ನಡೆದಾಡತೊಡಗಿ ಎಷ್ಟೋ ಕಾಲವಾದರೂ ಬರಲಿಲ್ಲ. ಅವನೂ ಯಾಕೆಂದು ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾಳು ಎಂಬ ಹೆದರಿಕೆ. ಅವಳು ಹೋದ ವಾರಕ್ಕೇ ಅಡುಗೆಮನೆಯಲ್ಲಿ ಏನೋ ಹುಡುಕುವಾಗ ಲಟ್ಟಣಿಗೆ ಕಾಣಲಿಲ್ಲ. ಮಣೆಯಿತ್ತು, ಲಟ್ಟಣಿಗೆ ಇರಲಿಲ್ಲ. ಬೇರೆಯವರ ಲಟ್ಟಣಿಗೆ ನನ್ನ ಕೈಗೆ ಕೂರಲ್ಲ ಎಂಬುದು ಅವಳು ಎಲ್ಲರ ಮನೆಯಲ್ಲೂ ಹೇಳುವ ಮಾತು. ಹತ್ತು ದಿನಕ್ಕೆ ಹೋಗುವವರು ಲಟ್ಟಣಿಗೆ ಒಯ್ಯುವುದಿಲ್ಲವೆಂದು ಅವನು ಆ ಖಾಲಿ ಮಣೆಯ ಮುಂದೆ ನಿಂತು ತಿಳಿದುಕೊಂಡ, ತಿಳಿದುಕೊಂಡದ್ದನ್ನು ಯಾರಿಗೂ ಹೇಳಲಿಲ್ಲ, ಮುಂದಿನ ತಿಂಗಳು ಕಾರಿಗೆ ಚಕ್ರ ಹಾಕಿಸಲು ಹೋದ. ದುಃಖಕ್ಕೆ ಒಬ್ಬೊಬ್ಬರು ಒಂದೊಂದು ಮಾಡುತ್ತಾರೆ. ಅವನು ಟೈರಿನ ಅಳತೆ ಬಾಯಿಪಾಠ ಮಾಡಿದ.

ಟೈರು ಚಕ್ರಗಳದ್ದೇ ವ್ಯಾಪಾರವಾದ್ದರಿಂದ ಬೀದಿಯವರೆಲ್ಲ ಚಕ್ರವರ್ತಿ ಎಂದು ಕರೆಯುತ್ತಿದ್ದ ಮೆಕ್ಯಾನಿಕ್ ಆ ಬಿರುದನ್ನು ತಮಾಷೆಯೆಂದು ತಿಳಿದವನಲ್ಲ. ಕಾರನ್ನು ಮೇಲೆತ್ತಿಸಿ, ಇಳಿಸಿ, ಟೈರಿಗೂ ಮಡ್‌ಗಾರ್ಡಿನ ಒಳಅಂಚಿಗೂ ನಡುವೆ ಬೆರಳು ತೂರಿಸಿ, "ಪಕ್ಕದಲ್ಲಿ ಕೂರೋವ್ರನ್ನ ಕರ್ಕೊಂಡ್ ಬನ್ನಿ ಸಾರ್, ಕೂರಿಸಿ ನೋಡೋಣ. ಇಲ್ಲ ತೂಕನಾದ್ರೂ ಹೇಳಿ, ಅಷ್ಟು ಮರಳು ಚೀಲ ಇಡ್ತೀನಿ," ಎಂದ. ಗೋಡೆಯ ಬುಡದಲ್ಲಿ ಮರಳಿನ ಚೀಲಗಳು ಒಂದರ ಮೇಲೊಂದು ಒರಗಿದ್ದವು. ಹೆಂಡತಿಯ ಎರಡು ಕಣ್ಣಿನ ನಂಬರು, ಎರಡು ಕಣ್ಣಿನ ನಡುವಿನ ಅಂತರ ಎಲ್ಲ ಅವನ ನಾಲಿಗೆ ತುದಿಯಲ್ಲಿತ್ತು, ತೂಕ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಮನೆಗೆ ಹೋಗಿ ಕೇಳ್ಕೊಂಡ್ ಬನ್ನಿ ಎಂದುಬಿಟ್ಟರೆ? "ಯಾರೂ ಕೂರಲ್ಲ. ನಾನೊಬ್ಬನೇ," ಎಂದ. "ಮೇಡಂ?" "ಅವ್ರಿಗೆ ಈ ಗಾಡಿ ಆಗಲ್ಲ." ಹೇಳಿದ ಮೇಲೆ ಒಂದು ಕ್ಷಣ ಹಗುರವಾಯಿತು, ಇಷ್ಟು ಸಲೀಸಾಗಿ ಬಂತಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವೂ ಆಯಿತು. ಚಕ್ರವರ್ತಿ ಅಷ್ಟಕ್ಕೇ ಬಿಡಲಿಲ್ಲ. ಏನಕ್ಕೂ ಇರಲಿ, ಒಳಅಂಚು ಮಡಿಸಿಬಿಡೋಣ ಎಂದ. ದುಂಡನೆ ಮರದ ತುಂಡು, ಹಳೇ ಬ್ಯಾಟಿನ ಹಿಡಿ ಇದ್ದರೂ ಸಾಕು, ಟೈರಿಗೂ ಅಂಚಿಗೂ ನಡುವೆ ತೂರಿಸಿ, ಒಬ್ಬ ಹಿಡಿದುಕೊಂಡು ಇನ್ನೊಬ್ಬ ಗಾಡಿಯನ್ನು ಹಿಂದೆ ಮುಂದೆ ಉರುಳಿಸಿದರೆ ತಗಡು ತಾನಾಗಿ ಮಡಚಿಕೊಳ್ಳುತ್ತದೆ. "ಬಣ್ಣ ಸ್ವಲ್ಪ ಬಿರುಕು ಬಿಡುತ್ತೆ ಅಷ್ಟೇ." ಕಾರ್ಖಾನೆಯಿಂದ ಬಂದಾಗಿನ ಬೂದುನೀಲಿ ಬಣ್ಣ, ಯಾರೂ ಇಂದಿಗೂ ಮುಟ್ಟದ ಅಂಚು. ಅದಕ್ಕೆ ಕೈ ಹಚ್ಚಬೇಡ ಎಂದು ಅವನು ಗದರಿದಂತೆಯೇ ಹೇಳಿದ್ದ.

ಅವಳ ಫೋನು ಬಂದ ಮಾರನೇ ದಿನ ಬೆಳಿಗ್ಗೆಯೇ ಅಲ್ಲಿಗೆ ಓಡಿದರೆ ಗ್ಯಾರೇಜಿನ ಬಾಗಿಲು ಎಳೆದಿತ್ತು. ಚಕ್ರವರ್ತಿ ಊರಲ್ಲಿಲ್ಲ, ಸೋಮವಾರ ಬರುತ್ತಾನೆಂದು ಪಕ್ಕದ ಅಂಗಡಿಯವನು ಹೇಳಿದ. ತನ್ನ ಕಾರಿನ ಹಳೆಯ ಚಕ್ರಗಳೂ ಆ ಬಾಗಿಲ ಹಿಂದೆಯೇ. ಮನೆಗೆ ಬಂದು ಕುಡಿಯುವ ನೀರಿನ ಕ್ಯಾನುಗಳನ್ನು ಹೊತ್ತು ತಂದು ಪಕ್ಕದ ಸೀಟಿನಲ್ಲಿಡುವಾಗ ಕೈ ನಿಂತುಬಿಟ್ಟಿತು. ಹೆಂಡತಿಯೆಂದರೆ ಎಷ್ಟು ಕ್ಯಾನು ನೀರು? ಎದುರುಮನೆಯವರು ಮಹಡಿಯಿಂದ ನೋಡುತ್ತಿದ್ದರು. ಎರಡು ಕ್ಯಾನಿಟ್ಟು, ಸಾಲದೆಂದು ಇನ್ನೊಂದಿಟ್ಟು, ಬೆಲ್ಟು ಹಾಕಿ, ಬೀದಿ ಸುತ್ತಿ ಬಂದ. ಬಲಕ್ಕೆ ತಿರುಗಿದಾಗಲೆಲ್ಲ ಹಿಂದಿನಿಂದ ಕರ್ರ್ ಎಂದಿತು.

ಹೆಂಡತಿಯ ಅಕ್ಕನ ಮನೆಯ ಮುಂದೆ ಕಾರು ನಿಂತಾಗ ಷಡ್ಡಕ ಹೂಕುಂಡಗಳಿಗೆ ನೀರು ಹಾಕುತ್ತಿದ್ದವರು ಪೈಪು ಕೆಳಗೆ ಬಿಟ್ಟು ಬಂದರು. ಒಂದೇ ಮನೆಯ ಅಳಿಯಂದಿರಾದ ಲಾಗಾಯ್ತು ಇವನನ್ನು ಒಂದಲ್ಲ ಒಂದು ಮಾತಿನಿಂದ ಚುಚ್ಚುವುದು ಅವರ ಅಭ್ಯಾಸ. ಬನ್ನಿ ಎನ್ನುವುದಕ್ಕೆ ಮುಂಚೆಯೇ ಚಕ್ರ ನೋಡಿ, "ಏನ್ರೀ ಇದು, ಕಾಲಿಗಿಂತ ಚಪ್ಪಲಿ ದೊಡ್ಡದಾಯ್ತಲ್ಲ," ಎಂದು ನಕ್ಕರು. ಅವನೂ ನಕ್ಕ. ಅವರು ಸುತ್ತ ಬಂದು, ಎಡಗಡೆಯ ಹಿಂಭಾಗದ ಮೇಲೆ ಎರಡೂ ಕೈಯೂರಿ ಒತ್ತಿದರು. ಕಾರು ಕುಸಿದು ಟೈರು ಮಡ್‌ಗಾರ್ಡಿನೊಳಗೆ ಸರಿಯಿತು. ಅವನಿಗೆ ತನ್ನ ಪಕ್ಕೆಯನ್ನೇ ಒತ್ತಿದಂತಾಯಿತು. "ತೀರಾ ಹತ್ರ ಇದೆಯಲ್ರೀ. ಭಾರ ಬಿದ್ರೆ ತಾಗಲ್ವಾ?" "ಇಲ್ಲ ಇಲ್ಲ. ಎಲ್ಲ ಲೆಕ್ಕ ಹಾಕಿಸಿದೀನಿ," ಎಂದು ತಲೆಯೆತ್ತಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಟ್ಟೆಯ ಚೀಲ, ಮುಖದ ಮೇಲೆ ಹೊಸ ಕನ್ನಡಕ.

ಅವಳ ಮುಖಕ್ಕಿಂತ ಮೊದಲು ಕನ್ನಡಕ ಕಂಡಿತು. ತೆಳುವಾದ ಕಪ್ಪು ಚೌಕಟ್ಟು, ಅವನ ಅಂಗಡಿಯದ್ದಲ್ಲ. ಮದುವೆಯಾದಾಗಿನಿಂದ ಅವಳ ಕಣ್ಣಿಗೆ ಇನ್ನೊಬ್ಬರು ಗಾಜು ಹಿಡಿದದ್ದಿಲ್ಲ. ಬೇರೆ ಯಾವನೋ ಅವಳ ಗಲ್ಲ ಎತ್ತಿ, ನೇರ ನೋಡಿ ಎಂದು ಅಳತೆ ತೆಗೆದಿದ್ದಾನೆ. ಎಡಗಣ್ಣಿನ ಗಾಜಿನ ನಡುಬಿಂದು ಕೂದಲೆಳೆಯಷ್ಟು ಹೊರಗಿದೆ ಎಂದು ಕಾರಿನ ಹತ್ತಿರದಿಂದಲೇ ಅವನಿಗೆ ಗೊತ್ತಾಯಿತು, ಗೊತ್ತಾದದ್ದಕ್ಕೆ ಸಣ್ಣ ಸಮಾಧಾನವೂ ಆಯಿತು, ಆ ಸಮಾಧಾನಕ್ಕೆ ನಾಚಿಕೆಯಾಯಿತು. ಒಳಗಿನಿಂದ ಅವಳ ಅಕ್ಕ ಊಟ ಮಾಡಿಕೊಂಡು ಹೋಗಿ ಎಂದು ಕೂಗಿದರು. "ಬೇಡ ಅಕ್ಕಾ, ಮೋಡ ಇದೆ, ಹೊರಡ್ತೀವಿ," ಎಂದಳು. ಹೊರಡ್ತೀವಿ ಎಂದದ್ದು ಅವನ ಕಿವಿಯಲ್ಲಿ ಉಳಿಯಿತು. ಆದರೆ ಅವಳು ತಂದದ್ದು ಆ ಒಂದೇ ಚೀಲ. ಹೋಗುವಾಗ ಒಯ್ದ ದೊಡ್ಡ ಸೂಟ್‌ಕೇಸು ಹಿಂದೆ ಹಜಾರದ ಗೋಡೆಗೆ ಒರಗಿ ನಿಂತಿದ್ದು ಅವನಿಗೆ ಕಾಣುತ್ತಿತ್ತು. ಅವಳು ಸೀಟಿನಲ್ಲಿ ಕೂತಳು. ಕಾರು ಎಡಕ್ಕೆ ತುಸು ತಗ್ಗಿತು. ಮೂರು ಕ್ಯಾನಿನ ಲೆಕ್ಕ ತಪ್ಪಿರಲಿಲ್ಲ.

ಮೊದಲ ಇಳಿಜಾರು ನೇರವಾಗಿತ್ತು. ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ನೋಡುತ್ತಿದ್ದಳು. ಏನಾದರೂ ಮಾತಾಡಬೇಕು. ಕನ್ನಡಕ ಚೆನ್ನಾಗಿದೆ ಎನ್ನಲೇ? ಅಕ್ಕನ ಕಾಲು ಹೇಗಿದೆ ಎನ್ನಲೇ? ಆ ಮನೆಯಿಂದಲೇ ಹೊರಟು ಬಂದು ಅದನ್ನು ಕೇಳುವುದು ಹೇಗೆ? ಬಲಕ್ಕೆ ತಿರುವು ಬಂತು. ಆದಷ್ಟು ನಿಧಾನ ಮಾಡಿದ, ಉಸಿರು ಕಟ್ಟಿಕೊಂಡ. ಕರ್ರ್. ಅವಳ ತಲೆ ಒಂದಿಷ್ಟೇ ತಿರುಗಿತು. "ಅದೇನು?" "ಏನು?" "ಆ ಸದ್ದು." "ರಸ್ತೆ ಸರಿ ಇಲ್ಲ." ಎಡಕ್ಕೊಂದು ತಿರುವು, ಸದ್ದಿಲ್ಲ. ಮತ್ತೆ ಬಲಕ್ಕೆ, ಕರ್ರ್, ಈ ಸಲ ಉದ್ದಕ್ಕೆ, ಜೊತೆಗೆ ರಬ್ಬರು ಸುಟ್ಟ ಸಣ್ಣ ವಾಸನೆ. ಹಿಂದೆ ಬಂದ ಬಸ್ಸು ಹಾರ್ನ್ ಹೊಡೆಯಿತು. ತಗಡಿನ ಅಂಚು ಟೈರಿನ ಪಕ್ಕೆಯನ್ನು ಕೆರೆಯುತ್ತಿದೆ; ಹೀಗೇ ಹತ್ತು ತಿರುವಾದರೆ ಸೀಳೀತು, ಸೀಳುವುದು ಅವಳು ಕೂತ ಕಡೆಯೇ, ಆ ಕಡೆಯೇ ಕಣಿವೆ. ಅವನು ವೇಗ ಇನ್ನಷ್ಟು ತಗ್ಗಿಸಿದ. ನಿಲ್ಲಿಸಿದರೆ ಹೇಳಬೇಕಾಗುತ್ತದೆ. ನಿಲ್ಲಿಸದಿದ್ದರೆ? ಇನ್ನೊಂದು ತಿರುವು ನೋಡೋಣ, ಇನ್ನೊಂದೇ ಒಂದು, ಎಂದುಕೊಳ್ಳುತ್ತ ಅವನು ಹೆಂಡತಿಯ ಜೀವವನ್ನೇ ಪಣಕ್ಕಿಟ್ಟು ಒಂದು ಮಾತು ಹೇಳುವುದನ್ನು ತಪ್ಪಿಸಿಕೊಳ್ಳುತ್ತಿದ್ದ.

ಮುಂದಿನ ಬಲತಿರುವಿನಲ್ಲಿ ಅವಳು ಒಂದು ಕೆಲಸ ಮಾಡಿದಳು. ಚೀಲವನ್ನು ಎದೆಗವಚಿಕೊಂಡು ಅವನ ಕಡೆಗೆ ವಾಲಿದಳು, ಭುಜ ಭುಜಕ್ಕೆ ತಾಗುವಷ್ಟು. ಸದ್ದು ಸಣ್ಣದಾಯಿತು. ಎಷ್ಟೋ ಕಾಲದ ಮೇಲೆ ಅವಳ ಮೈಯ ಬಿಸಿ ತಾಗಿ ಅವನಿಗೆ ಕಣ್ಣು ತುಂಬಿ ಬಂತು. ಅವಳು ನೆಟ್ಟಗೆ ಕೂತು, "ನನ್ನಿಂದ ಬರ್ತಿದೆ," ಎಂದಳು. "ನಾನು ಕೂತಿರೋದ್ರಿಂದ."

ರಸ್ತೆ ಅಗಲವಾದ ಕಡೆ ಕಲ್ಲುಕಟ್ಟೆಯ ಪಕ್ಕ ಅವನು ಕಾರು ನಿಲ್ಲಿಸಿದ. ಇಬ್ಬರೂ ಇಳಿದರು. ಟೈರಿನ ಭುಜದ ಸುತ್ತ ಹೊಳೆಯುವ ಗೆರೆಯೊಂದು ಬಿದ್ದಿತ್ತು, ಒಂದು ಕಡೆ ರಬ್ಬರು ಎಳೆ ಎದ್ದಿತ್ತು. ಅವನು ಕುಕ್ಕರುಗಾಲಲ್ಲಿ ಕೂತು ಅಗತ್ಯಕ್ಕಿಂತ ಹೆಚ್ಚು ಹೊತ್ತು ಅದನ್ನೇ ನೋಡಿದ. "ಭಾವನಿಗೆ, ಎಲ್ಲ ಲೆಕ್ಕ ಹಾಕಿಸಿದೀನಿ ಅಂದ್ರಿ," ಎಂದಳು, ಮೇಲಿನಿಂದ.

"ಹಾಕಿಸಿದ್ದೆ."

"ಯಾವ ಲೆಕ್ಕ?"

"ಒಬ್ಬನ ಲೆಕ್ಕ." ಟೈರಿಗೇ ಹೇಳುವಂತೆ ಹೇಳಿದ. "ಪಕ್ಕದಲ್ಲಿ ಯಾರು ಕೂರ್ತಾರೆ ಅಂತ ಕೇಳ್ದ. ಯಾರೂ ಇಲ್ಲ ಅಂದೆ."

ಬಸ್ಸೊಂದು ಏದುಸಿರು ಬಿಡುತ್ತ ಮೇಲಕ್ಕೆ ಹೋಯಿತು. ಕಲ್ಲುಕಟ್ಟೆಯಾಚೆ, ಬಹಳ ಕೆಳಗೆ, ಬಸ್ ಸ್ಟ್ಯಾಂಡಿನ ತಗಡಿನ ಮಾಡು ಬೆಳ್ಳಗೆ ಕಾಣುತ್ತಿತ್ತು. ಅವಳು ಅದನ್ನು ನೋಡುತ್ತಿದ್ದಾಳೆಂದು ತಿರುಗದೆಯೇ ಅವನಿಗೆ ತಿಳಿಯಿತು. "ಯಾವಾಗ ಅದು?" ಎಂದಳು. "ನೀನು ಫೋನ್ ಮಾಡೋಕೆ ಮುಂಚೆ." "ಮುಂಚೆ ಯಾರಾದ್ರೂ ನನ್ನ ಕೇಳಿದ್ರೆ ನಾನೂ ಅದನ್ನೇ ಹೇಳ್ತಿದ್ನೇನೋ," ಎಂದು ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಅದು ಕ್ಷಮೆಯೋ ಇನ್ನೊಂದು ಏಟೋ ಅವನಿಗೆ ತಿಳಿಯಲಿಲ್ಲ.

"ಒಂದು ಕೆಲ್ಸ ಮಾಡು," ಎಂದ, ಗಡಿಬಿಡಿಯಲ್ಲಿ. "ನೀನು ಬಸ್ಸಲ್ಲಿ ಇಳಿ. ನಾನು ಖಾಲಿ ಗಾಡೀಲಿ ಹಿಂದೇನೇ ಬರ್ತೀನಿ." ಹೇಳುತ್ತಿದ್ದಂತೆಯೇ ಹೊಳೆಯಿತು. ಬಸ್ಸು ಹತ್ತಿದರೆ ಅವಳು ಇಳಿಯುವುದು ಆ ತಗಡಿನ ಮಾಡಿನ ಕೆಳಗೆ, ಅಲ್ಲಿಂದ ಹತ್ತುವುದು ವಾಪಸ್ ಬಸ್ಸನ್ನೇ. ತಾನೇ ಕೈಯಾರೆ ಅವಳನ್ನು ಅಲ್ಲಿಗೆ ಬಿಟ್ಟುಕೊಡುತ್ತಿದ್ದೇನೆ.

"ಎರಡೇ ಸೀಟು ಅಂತಲೇ ಈ ಕಾರು ತನ್ನಿ ಅಂದಿದ್ದು," ಎಂದಳು ಅವಳು. "ಬೇರೆ ದಾರಿ ಇಲ್ವಾ?"

ಇತ್ತು. ಮೊದಲಿನಿಂದಲೂ ಇತ್ತು. ಅಂಚು ಮಡಿಸಬಹುದು ಎಂದ, ಹೇಗೆಂದು ಹೇಳಿದ, ಬಣ್ಣ ಬಿರುಕು ಬಿಡುತ್ತದೆ ಎಂದೂ ಹೇಳಿದ. "ಬಣ್ಣ," ಎಂದಳು ಅವಳು, ಆ ಪದವನ್ನು ಮೊದಲ ಸಲ ಕೇಳಿದವಳಂತೆ. ಅವನು ತಲೆ ತಗ್ಗಿಸಿದ. "ಏನು ಬೇಕು ಅದಕ್ಕೆ?" "ದುಂಡನೆ ಮರದ ತುಂಡು. ಮತ್ತೆ ಇಬ್ರು." ಅವನು ರಸ್ತೆಯಂಚಿನಲ್ಲಿ ಯಾವುದಾದರೂ ಕೊಂಬೆ ಬಿದ್ದಿದೆಯೇ ಎಂದು ಹುಡುಕಾಡುತ್ತಿದ್ದಾಗ ಅವಳು ಚೀಲದ ಬಾಯಿ ಬಿಚ್ಚಿ, ಮೇಲಿದ್ದ ಸೀರೆಯ ಕೆಳಗೆ ಕೈ ಹಾಕಿ, ಲಟ್ಟಣಿಗೆ ಹೊರತೆಗೆದಳು.

ಒಂದು ಕಡೆಯ ಹಿಡಿ ಸೀಳಿದ್ದ, ನಡು ಸವೆದು ನುಣುಪಾದ ಅದೇ ಲಟ್ಟಣಿಗೆ. ಸೂಟ್‌ಕೇಸು ಬಿಟ್ಟು ಬಂದಿದ್ದಾಳೆ, ಇದನ್ನು ತಂದಿದ್ದಾಳೆ. ಬಾಯಿ ತೆರೆದರೆ ಅತ್ತುಬಿಡುತ್ತೇನೆಂದು ಸುಮ್ಮನೆ ಕೈಚಾಚಿದ. "ಮುರೀಬೇಡಿ," ಎಂದಷ್ಟೇ ಹೇಳಿ ಅವಳು ಹೋಗಿ ಸ್ಟೀರಿಂಗಿನ ಮುಂದೆ ಕೂತಳು. ಮನೆಯ ಚಿಕ್ಕ ಕಾರನ್ನು ದಿನಾ ಓಡಿಸುತ್ತಿದ್ದವಳು. ಈ ಕಾರಿನ ಕೀಲಿಯನ್ನು ಅವನು ಒಮ್ಮೆಯೂ ಅವಳ ಕೈಗೆ ಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ. ಅವನು ರಸ್ತೆಯಲ್ಲಿ ಮೊಣಕಾಲೂರಿ ಲಟ್ಟಣಿಗೆಯನ್ನು ಟೈರಿಗೂ ಅಂಚಿಗೂ ನಡುವೆ ಸಿಕ್ಕಿಸಿ, ಬೆರಳು ಹಿಂದೆ ಇರುವಂತೆ ಹಿಡಿದು, ಬಿಡು ಎಂದ. ಕಾರು ಅಂಗುಲ ಅಂಗುಲವಾಗಿ ಉರುಳಿತು. ಅವಳ ಕೈ ಅವನು ಅಂದುಕೊಂಡದ್ದಕ್ಕಿಂತ ಹದವಾಗಿತ್ತು. ಮರ ಗಿರಕಿ ಹೊಡೆಯುತ್ತ ಅಂಚಿನ ಕೆಳಗೆ ಏರಿ, ತಗಡು ನರಳಿ, ಒಣಗಿದ ಎಲೆ ಮುರಿದಂತೆ ಬಣ್ಣ ಚಟ್ ಎಂದಿತು. ನೀಲಿ ಚಕ್ಕೆಯೊಂದು ಅವನ ಮಣಿಕಟ್ಟಿನ ಮೇಲೆ ಬಿತ್ತು. "ಆಯ್ತಾ?" ಎಂದಳು ಅಲ್ಲಿಂದ. "ಹಿಂದೆ ತಗೋ," ಎಂದ. ಹಿಂದೆ, ಮುಂದೆ. ಬಣ್ಣ ಬಿಳಿ ಗೆರೆಗಳಾಗಿ ಬಿರಿಯುವುದನ್ನು ಅವನು ಕಣ್ಣು ಮುಚ್ಚದೆ ನೋಡಿದ. ನೋವಾಯಿತು. ಸುಳ್ಳೇಕೆ, ಬಹಳ ನೋವಾಯಿತು.

ಲಟ್ಟಣಿಗೆಯ ಮೈಮೇಲೆ ಕಪ್ಪು ಗೆರೆ ಬಿದ್ದಿತ್ತು. ಅದನ್ನು ಅಂಗಿಗೆ ಒರೆಸಿಕೊಂಡು ಎದ್ದು ಬಂದರೆ ಅವಳು ಸ್ಟೀರಿಂಗು ಬಿಟ್ಟು ಏಳಲಿಲ್ಲ. "ಕೂತ್ಕೊಳ್ಳಿ," ಎಂದಳು. ತನ್ನ ಕಾರಿನ ಆ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯುತ್ತಿತ್ತು. ಹಿಡಿದುಕೊಳ್ಳಲು ಒಂದು ಹಿಡಿಯೂ ಇರಲಿಲ್ಲ. ಈ ಕಡೆಯಿಂದ ರಸ್ತೆ ಕಾಣುವುದಕ್ಕಿಂತ ಕಣಿವೆಯೇ ಹೆಚ್ಚು ಕಾಣುತ್ತದೆ, ಪಕ್ಕದವರ ಕೈ ಏನು ಮಾಡುತ್ತದೋ ಅದನ್ನೇ ನಂಬಿ ಕೂತಿರಬೇಕು. ಹಿಂದೊಮ್ಮೆ ಇದರಲ್ಲಿ ಕೂತಿದ್ದಾಗ ಅವಳು ದಾರಿಯುದ್ದಕ್ಕೂ ಬಾಗಿಲಿನ ಅಂಚು ಹಿಡಿದಿದ್ದಳು; ಬೆರಳಿನ ಗುರುತು ಬೀಳುತ್ತದೆ ಎಂದು ಅವನು ಹೇಳಿದಾಗ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು. ಅವನು ಈಗ ಬಾಗಿಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

ಬಲಕ್ಕೆ ಮೊದಲ ತಿರುವು. ಕರ್ರ್. ಸಣ್ಣದಾಗಿ, ಆದರೂ ಬಂತು. "ಇನ್ನೂ ಉಜ್ಜುತ್ತೆ," ಎಂದಳು. "ನಾನು ನಿನಗಿಂತ ಭಾರ," ಎಂದ. ಅವಳ ತುಟಿಯ ಕೊನೆ ಅಲುಗಿದಂತಾಯಿತು, ನಕ್ಕಳೋ ಇಲ್ಲವೋ. ಉಳಿದ ಬಲತಿರುವುಗಳಲ್ಲಿ ಅವನು ಅವಳ ಕಡೆಗೆ ವಾಲುತ್ತ, ತನ್ನ ಮೈಯನ್ನು ಆದಷ್ಟು ಸಣ್ಣದು ಮಾಡಿಕೊಳ್ಳುತ್ತ, ಬಸ್ ಸ್ಟ್ಯಾಂಡಿನ ಬಿಳಿ ಮಾಡು ಮರಗಳ ನಡುವೆ ಬಂದು ಹೋಗಿ ಬಂದು ದೊಡ್ಡದಾಗುವುದನ್ನೇ ನೋಡುತ್ತ ಕೂತ.

ಅವಳು ವೇಗ ತಗ್ಗಿಸಿದಳು. ಸೂಚನಾದೀಪ ಹಾಕಿ, ನಿಂತಿದ್ದ ಬಸ್ಸಿನ ಹಿಂದೆ ಕಾರನ್ನು ಅಂಚಿಗೆ ತಂದು ನಿಲ್ಲಿಸಿದಳು. ಸಾಲಿನಲ್ಲಿದ್ದವರು ಕಾರು ನೋಡಿದರು. ಎಂಜಿನ್ನು ನಡೆಯುತ್ತಿತ್ತು, ಅವಳ ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು. "ಒಬ್ರೇ ಆದ್ರೆ ಉಜ್ಜಲ್ಲ, ಅಲ್ವಾ?" ಎಂದಳು.

"ಇಲ್ಲ."

ಅಷ್ಟೇ ತಾನೆ. ಮೇಲಕ್ಕೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು, ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಕೂಗುತ್ತಿದ್ದ. ಬೇಡ ಹೋಗಬೇಡ ಎಂದರೆ ಅದು ಯಾರ ಸಲುವಾಗಿ ಹೇಳಿದ ಮಾತಾಗುತ್ತದೆ? ಅವಳು ಇಳಿದು ಸಾಲಿನಲ್ಲಿ ನಿಲ್ಲುವುದನ್ನು ಈ ಗಾಜಿನೊಳಗಿನಿಂದ ನೋಡಲಾರೆ ಎನ್ನಿಸಿತು. ಅವನೇ ಬಾಗಿಲು ತೆರೆದು ಒಂದು ಕಾಲು ನೆಲಕ್ಕಿಟ್ಟ. "ನೀನು ಕಾರಲ್ಲಿ ಮನೆಗೆ ಹೋಗು," ಎಂದ. "ನಾನು ನಮ್ಮೂರ ಬಸ್ಸು ಹಿಡಿದು ಬರ್ತೀನಿ. ಕೀಲಿ ನಿನ್ನ ಹತ್ರಾನೇ ಇರ್ಲಿ." ಭಾರ ಇಳಿದ ಕಾರು ಎಡಗಡೆ ಮೆಲ್ಲಗೆ ಮೇಲೆದ್ದಿತು.

ಅವಳು ಮೊದಲ ಸಲ ಪೂರ್ತಿ ತಿರುಗಿ ಅವನನ್ನು ನೋಡಿದಳು. ಆ ತಪ್ಪು ಗಾಜಿನ ಹಿಂದೆ ಎಡಗಣ್ಣು ಸ್ವಲ್ಪ ಕಿರಿದಾಗಿತ್ತು, ನೋಡಲು ಕಷ್ಟಪಡುತ್ತಿದ್ದಳು. ಮುಂದೆ ನಿಂತಿದ್ದ ಬಸ್ಸು ಹೊಗೆ ಬಿಟ್ಟು ಗುಡ್ಡದ ಕಡೆಗೆ ಹೊರಟಿತು. ಅದು ಮೊದಲ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಅದನ್ನೇ ನೋಡಿದಳು.

"ಇನ್ನೊಂದ್ ಸಲ ಮಡಿಸೋಣ," ಎಂದಳು. "ಈ ಸಲ ನಿಮ್ಮ ಭಾರಕ್ಕೆ ಆಗೋ ಹಾಗೆ. ಲಟ್ಟಣಿಗೆ ತಗೊಳ್ಳಿ."

ಬಸ್ ಸ್ಟ್ಯಾಂಡಿನ ಜನವೆಲ್ಲ ನೋಡುತ್ತಿರುವಂತೆಯೇ ಅವನು ಲಟ್ಟಣಿಗೆ ಹಿಡಿದು ಚಕ್ರದ ಪಕ್ಕ ನೆಲಕ್ಕೆ ಕೂತ. ಅವಳು ಹಿಂದೆ ತಿರುಗಿ ನೋಡಿಕೊಂಡು ಗೇರು ಹಾಕಿದಳು.